606ರ ಗುಟ್ಟು ಮತ್ತು ಮೈಥಾ ದೊಡ್ಡಮ್ಮ

ಆ ದಿನ ಪೆಟ್ರೋಲ್ ಬಂಕಿನಲ್ಲಿ ನಾನು ಮೂಗಿಗೆ ಮೂಗು ತಾಗಿಸಿ ಗೌರವ ಸಲ್ಲಿಸಿದ್ದು ಒಬ್ಬ ಕಾರ್ ಮೆಕ್ಯಾನಿಕ್‌ಗೆ. ತಪ್ಪು ನನ್ನದಲ್ಲ, ನಂಬರ್ ಪ್ಲೇಟಿನದು. ಮುಂದೆ ನಿಂತಿದ್ದ ಬಿಳಿ ಗಾಡಿಯ ಬೆನ್ನ ಮೇಲೆ ಬರೀ ಎರಡೇ ಅಂಕಿ: 41. ನಮ್ಮ ರಾಸ್ ಅಲ್ ಖೈಮಾದಲ್ಲಿ ಅಂಕಿ ಕಡಿಮೆಯಾದಷ್ಟೂ ಮನುಷ್ಯ ದೊಡ್ಡವನು. ಐದಂಕಿಯ ನಾನು ಎರಡಂಕಿಯವನಿಗೆ ಎರಡು ಸಲ ಹಾರ್ನ್ ಬೇರೆ ಹೊಡೆದಿದ್ದೆ. ತಪ್ಪು ಅರಿವಾದದ್ದೇ ಇಳಿದು ಓಡಿದೆ. ಏಸಿಯಿಂದ ಹೊರಬಿದ್ದ ಕೂಡಲೇ ಕನ್ನಡಕದ ಮೇಲೆ ಹಬೆ ಕೂತು ಲೋಕವೆಲ್ಲ ಮಂಜಾಯಿತು. ಆ ಮಂಜಿನಲ್ಲೇ ಬಾಗಿಲು ತೆಗೆದು, ಬಗ್ಗಿ, ಮೂಗು ತಾಗಿಸಿ, ತಂದೆಯವರು ಹೇಗಿದ್ದಾರೆ, ಚಿಕ್ಕಪ್ಪಂದಿರು ಹೇಗಿದ್ದಾರೆ, ಒಂಟೆಗಳು ಹೇಗಿವೆ ಎಂದು ಒಂದೇ ಉಸಿರಿಗೆ ವಿಚಾರಿಸಿದೆ.

"ಎಲ್ಲಾ ಚೆನ್ನಾಗಿದ್ದಾರೆ ಸಾಹೇಬ್ರೇ. ಏಸಿ ಒಂದು ತಣ್ಣಗಾಗ್ತಿಲ್ಲ, ಗ್ಯಾರೇಜಿಗೆ ಒಯ್ತಾ ಇದ್ದೀನಿ," ಎಂದಿತು ಮೂಗಿನ ಆಚೆ ತುದಿ.

ನನ್ನ ಕಾರಿಗೆ ಮರಳಿದರೆ ಪಕ್ಕದ ಸೀಟಿನಲ್ಲಿ ಮೈಥಾ ದೊಡ್ಡಮ್ಮ, ನನ್ನ ತಾಯಿಯ ಅಕ್ಕ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದರು.

"ಒಂಟೆಗಳು ಕ್ಷೇಮವಂತೇನೋ, ಖಲ್ಫಾನ್?"

"ನಿಮಗೆ ಮೊದಲೇ ಗೊತ್ತಿತ್ತಾ ದೊಡ್ಡಮ್ಮ?"

"ಸ್ಟಿಯರಿಂಗಿಗೆ ಪ್ಲಾಸ್ಟಿಕ್ ಸುತ್ತಿತ್ತು. ಕಿಟಕಿಯಲ್ಲಿ ನೀಲಿ ಅಂಗಿಯ ಮೊಣಕೈ ಇತ್ತು. ನಂಬರ್ ಓದೋನು ಬರೀ ನಂಬರನ್ನೇ ಓದಿದ್ರೆ ಹೀಗೇ ಆಗೋದು."

ನಮ್ಮೂರಲ್ಲಿ ಸಂಬಂಧ ಕುದುರಿಸುವುದರಲ್ಲಿ ದೊಡ್ಡಮ್ಮನನ್ನು ಮೀರಿಸಿದವರಿಲ್ಲ. ಅವರಿಗೆ ಅಕ್ಷರ ಬಾರದು, ಅಂಕಿಗಳು ಮಾತ್ರ ಮನೆಮಕ್ಕಳಿದ್ದ ಹಾಗೆ. ಎಪ್ಪತ್ತೆರಡರ ವಯಸ್ಸಿನಲ್ಲಿ ದಿನಕ್ಕೊಂದು ಗಂಟೆ ನನ್ನ ಕಾರಿನಲ್ಲಿ ಕೂತು, ಮುಖವಾಡದಂಥ ಹೊಂಬಣ್ಣದ ಬುರ್ಖಾದ ಸೀಳಿನಿಂದ ರಸ್ತೆಯನ್ನು ಓದುತ್ತಾರೆ. ನಾನು ನಗರಸಭೆಯಿಂದ ನಿವೃತ್ತನಾದ ಗುಮಾಸ್ತ. ಈಗ ಅವರ ಚಾಲಕ. ಬಡ್ತಿ ಅಂದುಕೊಂಡಿದ್ದೇನೆ.

"ನೋಡು, ಒಂದೇ ಅಂಗಳದಲ್ಲಿ 5530, 5531. ಇಬ್ಬರು ಹೆಂಡಿರು. ಜಗಳ ಬೇಡ ಅಂತ ಒಂದೇ ದಿನ ಕೊಡಿಸಿದ್ದಾನೆ. ಆದ್ರೂ 5530 ಸಿಕ್ಕಿದವಳು ಹಿರಿಯಳು, ಕಾರು ಬಾಗಿಲಿಗೆ ಹತ್ತಿರ ನಿಲ್ಸಿದ್ದಾಳೆ." ಇನ್ನೊಂದು ಕಡೆ, ತನ್ನ ಮೊಬೈಲಿನ ಕೊನೆಯ ಐದಂಕಿಗಳನ್ನೇ ಪ್ಲೇಟಿಗೆ ಹಾಕಿಸಿಕೊಂಡ ಒಬ್ಬ ತರುಣ. "ಪಾಪ. ಫೋನ್ ನಂಬರನ್ನು ಬೆನ್ನಿಗೆ ಅಂಟಿಸಿಕೊಂಡು ಊರೆಲ್ಲ ತಿರುಗ್ತಾನೆ ಅಂದ್ರೆ, ಯಾರೂ ಫೋನ್ ಮಾಡ್ತಿಲ್ಲ."

ಊರಿನವರ ಮನೆಯ ಸಂಬಂಧವಾದಾಗ ಇದೆಲ್ಲ ತಮಾಷೆಯಾಗಿ ಕೇಳಿಸುತ್ತಿತ್ತು. ನನ್ನ ಮಗಳು ಅಫ್ರಾಳ ಸರದಿ ಬಂದಾಗ ತಮಾಷೆ ನಿಂತಿತು.

ರಮ್ಸ್ ಕಡೆಯ ಮನೆತನವೊಂದು ತಮ್ಮ ಕಿರಿಯ ಮಗ ಹುಮೈದ್‌ಗೆ ಅಫ್ರಾಳನ್ನು ಕೇಳಲು ಗುರುವಾರ ಸಂಜೆ ಬಂತು. ತಂದೆ, ಮೂವರು ಗಂಡುಮಕ್ಕಳು, ನಾಲ್ಕು ಕಾರು. ನಾನು ಗೇಟಿನ ಹಿಂದೆ ನಿಂತು ಎಣಿಸಿದೆ. ತಂದೆಯದು 61606. ಹಿರಿಯನದು 72606. ನಡುವಣವನದು 18606. ಕೊನೆಗೆ ಬಂದದ್ದು ಹುಮೈದ್‌ನ ಕಾರು. ಬರೀ 606. ತಾತನ ಕಾಲದ ನಂಬರು! ಬಂದವರು ಚಪ್ಪಲಿ ಬಿಡುವ ಮೊದಲೇ ನಾನು ಮನಸ್ಸಿನಲ್ಲಿ ಮಗಳನ್ನು ಕೊಟ್ಟಾಗಿತ್ತು.

ಅಡುಗೆಮನೆಗೆ ಓಡಿ, "ಮೂರಂಕಿ, ಮೂರಂಕಿ," ಎಂದೆ.

ಅಫ್ರಾ ಖರ್ಜೂರದ ತಟ್ಟೆ ಜೋಡಿಸುತ್ತಿದ್ದಳು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ, ರಕ್ತದ ಹನಿ ನೋಡಿದ ಹಾಗೇ ನನ್ನನ್ನೂ ನೋಡಿದಳು. "ಅಪ್ಪಾ, ಮದುವೆ ನನಗಾ, ನಿಮ್ಮ ನಂಬರಿಗಾ?"

"ಹುಡುಗನೂ ಚೆನ್ನಾಗಿದ್ದಾನಮ್ಮ."

"ಮುಖ ನೋಡಿದ್ರಾ?"

ನೋಡಿರಲಿಲ್ಲ.

"ನಾನು ನೋಡ್ದೆ, ಕಿಟಕಿಯಿಂದ. ನಂಗೆ ಹಿಡಿಸ್ತು. ಆದ್ರೆ ಮೂವರಲ್ಲಿ ಮುದ್ದಿನ ಕೂಸು ಅಂತಾದ್ರೆ ಬೇಡ. ಎದ್ದ ಮೇಲೆ ಹಾಸಿಗೆ ಮಡಿಸೋಕೂ ಬರದವನ ಜೊತೆ ನಾನು ಬಾಳಲಾರೆ. ದೊಡ್ಡಜ್ಜಿ ಹೂಂ ಅಂದ್ರೆ ನಾನೂ ಹೂಂ."

ದೊಡ್ಡಮ್ಮ ಹೂಂ ಅನ್ನಲಿಲ್ಲ. ಗಂಡಸರು ಒಳಗೆ ಕಾಫಿ ಕುಡಿಯುತ್ತಿರುವಾಗ ಗಾಳಿಗೆಂದು ಹೊರಗೆ ಹೋಗಿ 606ರ ಸುತ್ತ ಒಂದು ಸುತ್ತು ಬಂದರು. ಅರ್ಧ ತೆರೆದಿದ್ದ ಕಿಟಕಿಗೆ ಮೂಗು ಒಡ್ಡಿದರು. ಅತಿಥಿಗಳು ಹೋದ ಮೇಲೆ ಕಾಫಿ ಬಟ್ಟಲನ್ನು ಅಲ್ಲಾಡಿಸಿ ಇನ್ನು ಸಾಕೆಂದು ತೋರಿಸಿ, ಇಷ್ಟೇ ಹೇಳಿದರು: "ಮೀನಿನ ವಾಸನೆ."

"ಮೂರಂಕಿ ಕಾರಿನಲ್ಲಿ ಮೀನಾ?"

"ಅದಿರಲಿ. ತಾತನ ನಂಬರು ಹಿರಿಮಗನಿಗೆ ಹೋಗ್ಬೇಕಿತ್ತು. ಇಬ್ಬರು ಅಣ್ಣಂದಿರನ್ನು ದಾಟಿ ಕಿರಿಯವನ ಕೈಗೆ ಹೇಗೆ ಬಂತು? ಹಟ ಹಿಡಿದು ಕಿತ್ಕೊಂಡಿದ್ದಾನೆ ಅಂದ್ರೆ ಅಫ್ರಾ ಹೇಳಿದ ಕೂಸು ಅವನೇ."

"ಕೇಳಬಹುದಿತ್ತಲ್ಲ?"

"ಹೆಣ್ಣು ಕೇಳೋಕೆ ಬಂದ ದಿನ ನಿಜ ಹೇಳಿದ ಮನುಷ್ಯನನ್ನ ಐವತ್ತೈದು ವರ್ಷದಲ್ಲಿ ನಾನು ನೋಡಿಲ್ಲ. ನಿನ್ನ ಅಪ್ಪನೂ ಒಂದು ದೋಣಿ ಇದೆ ಅಂದಿದ್ದ. ಶನಿವಾರ ಬೆಳಿಗ್ಗೆ ಗಾಡಿ ತೆಗಿ, ಅವರೂರಿನ ಮೀನು ಮಾರುಕಟ್ಟೆ ನೋಡ್ಬೇಕು."

ಶನಿವಾರ ಬೆಳಗಿನ ನಮಾಜು ಮುಗಿದ ಕೂಡಲೇ ಹೊರಟೆವು. ದಾರಿಯುದ್ದಕ್ಕೂ ನಾನು 606ರ ಪರವಾಗಿ ವಕಾಲತ್ತು ನಡೆಸಿದೆ: ಕಿರಿಯವನು ಅದೃಷ್ಟವಂತ ಇರಬಹುದು, ಅಣ್ಣಂದಿರಿಗೆ ನಂಬರಿನ ಗೀಳಿಲ್ಲದಿರಬಹುದು, ಮೀನು ಯಾರೋ ಮರೆತು ಬಿಟ್ಟಿರಬಹುದು. ದೊಡ್ಡಮ್ಮ ಕಿಟಕಿಯ ಕಡೆ ತಿರುಗಿ ಕೂತಿದ್ದರು. ರಮ್ಸ್‌ನ ಮೀನು ಮಾರುಕಟ್ಟೆಯ ಎದುರು ಸಾಲುಸಾಲು ಬಿಳಿ ಗಾಡಿಗಳು. ನಡುವೆ ನಮ್ಮ 606.

ಒಳಗೆ ಕಲ್ಲುಕಟ್ಟೆಯ ಬಳಿ, ಇಸ್ತ್ರಿ ಮಾಡಿದ ಬಿಳಿ ನಿಲುವಂಗಿಯ ತೋಳಿಗೆ ಮೀನಿನ ಹುರುಪೆ ಮೆತ್ತಿಕೊಂಡು ಹುಮೈದ್ ನಿಂತಿದ್ದ. ಅವನ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದು ಕೈಯಲ್ಲಿ ಒಬ್ಬ ಪುಟ್ಟ ಮುದುಕಿ. ಮುದುಕಿ ಮೀನಿನ ಕಿವಿರೆತ್ತಿ ನೋಡುತ್ತ ಬೈಯುತ್ತಿದ್ದಳು.

"ಇದು ನಿನ್ನೆಯದು. ಕಣ್ಣು ನೋಡು, ನಿನ್ನ ದೊಡ್ಡಣ್ಣನ ಕಣ್ಣಿನ ಹಾಗಿದೆ, ನಿದ್ದೆಗಣ್ಣು."

"ಬೇರೆ ತೆಗೀಲಾ ಅಜ್ಜಿ?"

"ತೆಗಿ. ಪಕ್ಕದ ಮನೆ ವಿಧವೆಗೂ ಎರಡು ತೆಗಿ. ಬಕೆಟ್ ಓರೆ ಮಾಡ್ಬೇಡ, ಮೊನ್ನೆ ಸೀಟೆಲ್ಲ ನೀರು ಮಾಡಿದ್ದೆ."

ಹುಮೈದ್ ನನ್ನನ್ನು ಕಂಡು ಕೆಂಪಾದ. ನಾನೂ ಕೆಂಪಾದೆ. ಭಾವೀ ಅಳಿಯನ ಬೇಹುಗಾರಿಕೆಗೆ ಬಂದು ಸಿಕ್ಕಿಬಿದ್ದವನು, ಎದುರಿಗಿದ್ದ ಒಂದು ಮೀನು ಎತ್ತಿಕೊಂಡು ಅದರ ಕಣ್ಣನ್ನೇ ನೋಡಿದೆ.

ದೊಡ್ಡಮ್ಮ ಆ ವೇಳೆಗಾಗಲೇ ಮುದುಕಿಯ ಪಕ್ಕ ನಿಂತು ಕುಶಲ ವಿಚಾರಿಸಿಯಾಗಿತ್ತು. "ನಿಮ್ಮ ಗಾಡಿಯ ನಂಬರ್ ಬಹಳ ಚೆನ್ನಾಗಿದೆ ಅಕ್ಕಾ."

"ನಮ್ಮ ಯಜಮಾನರದು. ಮೊದಲ ಪಿಕಪ್ಪಿಗೆ ಸಿಕ್ಕಿದ್ದು. ಅವರು ಹೋದ ಮೇಲೂ ಆ ನಂಬರ್ ಇಲ್ಲದ ಗಾಡಿ ನಾನು ಹತ್ತೋದಿಲ್ಲ. ಮೀನು ತರೋಕೆ ದಿನಾ ಅವರ ಜೊತೆ ಬರ್ತಿದ್ದೆ, ಈಗಲೂ ಬರ್ತೀನಿ. ಯಾರು ನನ್ನನ್ನ ಕರ್ಕೊಂಡು ಬರ್ತಾರೋ ಅವರ ಗಾಡಿಗೆ ನಂಬರು. ಹಿರಿಯವನು ಎರಡು ತಿಂಗಳು ಇಟ್ಕೊಂಡ. ಅವನ ಹೆಂಡ್ತಿ ವಾಸನೆ ಅಂತ ಅತ್ತಳು. ನಡುವಣವನು ಒಂದು ವಾರ, ಏಳೋಕೆ ಆಗಲ್ಲ ಅಂದ. ಇವನು ಮೂರು ವರ್ಷದಿಂದ ಬರ್ತಿದ್ದಾನೆ. ಒಳ್ಳೆ ಹುಡುಗ. ಮೀನು ಆರಿಸೋದು ಮಾತ್ರ ಬರಲ್ಲ."

ದೊಡ್ಡಮ್ಮ ನನ್ನ ಕಡೆ ತಿರುಗಿದರು. ಸೀಳಿನೊಳಗೆ ಕಣ್ಣು ಸಣ್ಣಗೆ ನಗುತ್ತಿದ್ದವು. "ಆ ಮೀನು ಕೆಳಗಿಡು. ಹೂಂ ಅಂತ ಅಫ್ರಾಗೆ ಫೋನ್ ಮಾಡು."

ಮಾಡಿದೆ. ನಡೆದದ್ದನ್ನೆಲ್ಲ ಹೇಳಿ, ಕಾರಿನ ವಾಸನೆಯ ವಿಷಯವನ್ನು ಮೆಲ್ಲಗೆ ಎತ್ತಿದೆ.

"ಲ್ಯಾಬಿನಲ್ಲಿ ದಿನವಿಡೀ ನಾನು ಮೂಸೋದು ಗುಲಾಬಿ ಅತ್ತರಲ್ಲ ಅಪ್ಪಾ," ಎಂದಳು. ಆಮೇಲೆ, "ಅಜ್ಜಿ ಬೈದಾಗ ಅವರು ಏನಂದ್ರು?"

"ಬೇರೆ ತೆಗೀಲಾ ಅಂದ."

"ಹಾಗಾದ್ರೆ ಸರಿ."

ವಾಪಸು ಬರುವಾಗ ನನ್ನ ಖುಷಿಗೆ ಕಾರಿನೊಳಗೆ ಜಾಗ ಸಾಲಲಿಲ್ಲ. ಮಗಳಿಗೆ ಒಳ್ಳೆಯ ಗಂಡ ಸಿಕ್ಕಿದ್ದು ದೊಡ್ಡ ಸಂತೋಷವೇ. ಆದರೆ ಒಳಗಿನ ಗುಮಾಸ್ತ ಸುಮ್ಮನಿರಲಿಲ್ಲ. ಸ್ವಲ್ಪ ದೂರ ತಡೆದುಕೊಂಡೆ. ಕೊನೆಗೆ ಕೇಳಿಯೇಬಿಟ್ಟೆ.

"ದೊಡ್ಡಮ್ಮ, ಆ ನಂಬರು ಯಾವತ್ತಾದರೂ ಒಂದು ದಿನ ನನ್ನ ಕಾರಿಗೆ ಬರೋ ಸಾಧ್ಯತೆ ಇದೆಯಾ?"

ದೊಡ್ಡಮ್ಮ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು: "ಇದೆ. ದಿನಾ ಬೆಳಿಗ್ಗೆ ಐದೂವರೆಗೆ ಆ ಅಜ್ಜಿಯ ಬಾಗಿಲಲ್ಲಿರ್ಬೇಕು. ಬಕೆಟ್ ನೀನೇ ತರ್ಬೇಕು."