ಸೊಂಟದ ಗಾಯ, ಒಂಬತ್ತು ಗಜದ ಸೀರೆ

ಆಗ ನಾನು ಅಫಜಲಪುರದಲ್ಲಿ ಚರ್ಮರೋಗದ ಒಂದು ಸಣ್ಣ ಕ್ಲಿನಿಕ್ ನಡೆಸುತ್ತಿದ್ದೆ. ಬುಧವಾರ ಜೇವರ್ಗಿಯಲ್ಲಿ, ಶನಿವಾರ ಆಳಂದದಲ್ಲಿ ಕೂರುತ್ತಿದ್ದೆ. ಉಳಿದ ದಿನ ಅಫಜಲಪುರ. ವರ್ಷ ೨೦೧೬ ಎಂದು ನನ್ನ ನೆನಪು. ಪುರಾವೆ ಇಲ್ಲದೆ ಯಾವುದನ್ನೂ ಒಪ್ಪಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವನು ನಾನು. ರೋಗಿಗಳು ಹೇಳುವುದನ್ನು ಅರ್ಧ ನಂಬಿ, ಕಣ್ಣಿಗೆ ಕಂಡದ್ದನ್ನು ಮಾತ್ರ ಪೂರ್ತಿ ನಂಬುತ್ತಿದ್ದೆ.

ಅತನೂರಿನ ಮಹಾದೇವಿ ಬಂದದ್ದು ಮಳೆಗಾಲ ಮುಗಿದ ಮೇಲೆ. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಕೂಲಿಗೂ ಹೋಗುತ್ತಿದ್ದಳು, ಸ್ವಂತದ ಎರಡು ಎಕರೆಯನ್ನೂ ನೋಡಿಕೊಳ್ಳುತ್ತಿದ್ದಳು. ಸೊಂಟದ ಬಲಭಾಗದಲ್ಲಿ ಆರು ಸೆಂಟಿಮೀಟರ್ ಉದ್ದ, ಒಂದು ಸೆಂಟಿಮೀಟರ್ ಅಗಲದ ಗಾಯ. ಸುತ್ತಲಿನ ಚರ್ಮ ಕಪ್ಪಾಗಿ, ಎಮ್ಮೆಯ ಚರ್ಮದಂತೆ ದಪ್ಪಗಾಗಿತ್ತು. ಹತ್ತು ತಿಂಗಳಿಂದ ಮಾಯ್ದಿಲ್ಲ ಎಂದಳು. ಮೊದಲ ದಿನ ಆಕೆ ಹೆಚ್ಚು ಮಾತಾಡಲಿಲ್ಲ ಎಂದೇ ನನ್ನ ಮನಸ್ಸಿನಲ್ಲಿದೆ.

ಒಳಲಂಗದ ಲಾಡಿಯನ್ನು ವರ್ಷಗಟ್ಟಲೆ ಬಿಗಿದರೆ ಸೊಂಟದ ಚರ್ಮ ಕೆಡುತ್ತದೆ, ಅಪರೂಪಕ್ಕೆ ಅಲ್ಲಿ ಕ್ಯಾನ್ಸರ್ ಕೂಡ ಆಗಬಹುದು ಎನ್ನುವುದು ನಮ್ಮ ಪುಸ್ತಕಗಳಲ್ಲಿ ಇರುವ ಸಂಗತಿಯೇ. ನಾನೂ ಓದಿದ್ದೆ. ಆದರೆ ನನ್ನ ತರ್ಕ ಬೇರೆ ಇತ್ತು. ಲಾಡಿ ಎಲ್ಲ ಹೆಂಗಸರೂ ಕಟ್ಟುತ್ತಾರೆ, ಗಾಯ ಎಲ್ಲರಿಗೂ ಆಗುವುದಿಲ್ಲ; ಆದ್ದರಿಂದ ಕಾರಣ ಬೇರೆ ಏನೋ ಇರಬೇಕು. ಫಂಗಸ್ ಎಂದು ಮುಲಾಮು ಕೊಟ್ಟೆ. ಸೋಂಕು ಎಂದು ಗುಳಿಗೆ ಕೊಟ್ಟೆ. ಸಕ್ಕರೆ ಕಾಯಿಲೆ ಇರಬಹುದೆಂದು ರಕ್ತ ಪರೀಕ್ಷೆ ಮಾಡಿಸಿದೆ. ಸಕ್ಕರೆ ಸರಿಯಾಗಿತ್ತು. ಎರಡು ತಿಂಗಳು ಕಳೆಯಿತು. ಗಾಯ ಹಾಗೇ ಇತ್ತು, ಒಂದು ಅಂಚು ಮಾತ್ರ ಸ್ವಲ್ಪ ಎದ್ದಿತ್ತು. ಆ ಅಂಚು ನನಗೆ ಹಿಡಿಸಲಿಲ್ಲ.

"ಲಾಡಿ ಸ್ವಲ್ಪ ಸಡಿಲ ಕಟ್ಟಬೇಕವ್ವಾ," ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಸಡ್ಲ ಕಟ್ಟಿದ್ರ ಸೀರಿ ಹೊಲದಾಗ ಬೀಳ್ತದ್ರಿ. ನೀವ್ ಬಂದು ಹಿಡ್ಕೊಂಡು ನಿಂದರ್ತೀರೇನು?" ಎಂದು ನಕ್ಕಳು. ನಗು ನಿಂತ ಮೇಲೆ ಕೇಳಿದಳು: "ಇದು ಕ್ಯಾನ್ಸರ್ ಏನ್ರಿ, ಸಾಹೇಬ್ರ? ಖರೆ ಹೇಳ್ರಿ."

ಬಯಾಪ್ಸಿ ಮಾಡದೆ ಹೇಳಲು ಬರುವುದಿಲ್ಲ ಎಂದೆ. ಬಯಾಪ್ಸಿ ಎಂದರೆ ಗಾಯದ ಅಂಚಿನಿಂದ ಅಕ್ಕಿಕಾಳಿನಷ್ಟು ಚರ್ಮ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಅದಕ್ಕೆ ಕಲಬುರಗಿಗೆ ಹೋಗಬೇಕಿತ್ತು. "ಹತ್ತಿ ಬಿಡಸೋದು ಮುಗೀಲಿ, ಹೋಗ್ತೇನಿ," ಎಂದು ಎದ್ದು ಹೋದಳು. ಹದಿನೈದು ದಿನ ಕಾದೆ. ಬರಲಿಲ್ಲ.

ಒಂದು ಭಾನುವಾರ ಬೇರೆ ಕೆಲಸಕ್ಕೆ ಆ ಕಡೆ ಹೋದವನು ಅತನೂರಿನ ದಾರಿ ಹಿಡಿದೆ. ಆಕೆಯನ್ನು ಬೈದು ಕಲಬುರಗಿಗೆ ಕಳಿಸಬೇಕೆಂಬುದಷ್ಟೇ ನನ್ನ ಉದ್ದೇಶ. ಊರ ಹೊರಗೆ, ರಸ್ತೆ ಪಕ್ಕದ ಹೊಲದಲ್ಲಿ ಏಳೆಂಟು ಹೆಂಗಸರು ಹತ್ತಿ ಬಿಡಿಸುತ್ತಿದ್ದರು. ಅವರೆಲ್ಲ ದಿನ ತುಂಬಿದ ಬಸುರಿಯರಂತೆ ಕಂಡರು. ಸೆರಗನ್ನೂ ಮೇಲೊಂದು ಬಟ್ಟೆಯನ್ನೂ ಸೊಂಟಕ್ಕೆ ಸಿಕ್ಕಿಸಿ ಉಡಿ ಮಾಡಿಕೊಂಡು, ಬಿಡಿಸಿದ ಹತ್ತಿಯನ್ನು ಅದರಲ್ಲೇ ತುರುಕುತ್ತಿದ್ದರು. ಮಹಾದೇವಿಯ ಉಡಿ ಎಲ್ಲರಿಗಿಂತ ದೊಡ್ಡದು. ಭಾರ ಬಲಕ್ಕೆ ಜಗ್ಗುತ್ತಿತ್ತು. ಸಾಲಿನ ಕೊನೆಗೆ ಬಂದು ಉಡಿ ಬಿಚ್ಚಿ ಸುರಿದಳು. ಬದುವಿನ ಮೇಲೆ ತೂಕದ ಕಾಟಾ ಇತ್ತು. ಆ ಹತ್ತಿಯನ್ನು ತೂಗಿಸಿದೆ. ಆರೂವರೆ ಕಿಲೋ.

ಆರೂವರೆ ಕಿಲೋ, ಜೊತೆಗೆ ಸೀರೆಯ ಭಾರ. ಇಷ್ಟನ್ನೂ ಹೊತ್ತದ್ದು ಪೆನ್ಸಿಲ್‌ಗಿಂತ ಸಣ್ಣದಾದ ಒಂದು ದಾರ. ದಿನಕ್ಕೆ ಎಂಟು ಗಂಟೆ, ಬೆವರಿನಲ್ಲಿ ನೆನೆದು, ಗಂಟು ಬಲಗಡೆ ಎಲ್ಲಿ ಕೂರುತ್ತದೋ ಅಲ್ಲೇ ಗಾಯ. ನಾನು ಎರಡು ತಿಂಗಳು ಹುಡುಕಿದ ಕಾರಣ ಹೊಲದಲ್ಲಿ ಎಲ್ಲರ ಕಣ್ಣೆದುರಿಗೆ ತೂಗಾಡುತ್ತಿತ್ತು.

ಆಗ ಕಣ್ಣಿಗೆ ಬಿದ್ದವಳು ಆಕೆಯ ಅತ್ತೆ ಗುರುಬಾಯಿ. ವಯಸ್ಸು ಎಪ್ಪತ್ತು ದಾಟಿತ್ತು. ಒಂಬತ್ತು ಗಜದ ಸೀರೆಯನ್ನು ಕಚ್ಚೆ ಹಾಕಿ ಉಟ್ಟಿದ್ದಳು. ಅವಳ ಉಡಿಯೂ ತುಂಬಿತ್ತು, ಆದರೆ ನಡಿಗೆಯಲ್ಲಿ ಜಗ್ಗಾಟ ಇರಲಿಲ್ಲ.

"ಆಯಿ, ನಿಮಗ ಸೊಂಟದಾಗ ಗಾಯ, ಕಲೆ ಏನರೆ ಆಗ್ಯಾವೇನು?" ಎಂದು ಕೇಳಿದೆ.

"ಯಾಕ ಆಗ್ತಾವಪ್ಪಾ? ನಾ ಏನ್ ದನೇನು, ಹಗ್ಗಾ ಹಾಕಿ ಕಟ್ಟಾಕ?" ಎಂದಳು. ಹೆಂಗಸರೆಲ್ಲ ನಕ್ಕರು. ಮಹಾದೇವಿ ಮುಖ ಊದಿಸಿದಳು. "ಡಾಕ್ಟರ್ ಅಂದ್ರ ಮಗ ಇದ್ದಂಗ, ನೋಡು ಬಾ," ಎಂದು ಮುದುಕಿ ಮರದ ಮರೆಗೆ ಕರೆದು, ಪಕ್ಕಕ್ಕೆ ತಿರುಗಿ ಸೀರೆಯ ಅಂಚನ್ನು ಎರಡು ಬೆರಳಷ್ಟು ಸರಿಸಿದಳು. ಸುಕ್ಕುಗಟ್ಟಿದ ಚರ್ಮ, ಆದರೆ ಒಂದು ಗೆರೆ ಇಲ್ಲ, ಒಂದು ಕಲೆ ಇಲ್ಲ. ಐವತ್ತು ವರ್ಷಕ್ಕೂ ಮೇಲೆ ಅದೇ ಹೊಲ, ಅದೇ ಉಡಿ.

"ಹೆಂಗ ನಿಲ್ತದ ಇದು?" ಎಂದೆ. ಒಳಗೆ ಲಂಗ ಇರಲಿಲ್ಲ, ಲಾಡಿ ಇರಲಿಲ್ಲ, ಹುಕ್ಕು, ಪಿನ್ನು ಯಾವುದೂ ಇರಲಿಲ್ಲ.

ಹತ್ತಿ ಕಟ್ಟಲು ತಂದಿದ್ದ ಹಳೇ ಹಸಿರು ಸೀರೆಯೊಂದು ಬದುವಿನ ಮೇಲಿತ್ತು. ಉಡಿಯ ಹತ್ತಿ ಸುರಿದು, ಅದನ್ನು ಎತ್ತಿಕೊಂಡು, ಉಟ್ಟ ಸೀರೆಯ ಮೇಲೆಯೇ ಉಟ್ಟು ತೋರಿಸಿದಳು. ಹಿಂದಿನಿಂದ ತಂದು ಮುಂದೆ ಒಂದು ಗಂಟು. ನಿರಿಗೆ. ಮತ್ತೆ ಒಂದು ಸುತ್ತು. ಕಾಲ ನಡುವೆ ಹಾಯಿಸಿ ಹಿಂದೆ ಸಿಕ್ಕಿಸಿದ ಕಚ್ಚೆ. ಒಂದು ಹೊಲಿಗೆಯೂ ಇಲ್ಲದ ಎಂಟು ಮೀಟರಿನ ಬಟ್ಟೆ, ನಾನು ಗಡಿಯಾರ ನೋಡುವಷ್ಟರಲ್ಲಿ, ಕೂತರೂ ಬಾಗಿದರೂ ಜಾರದ ಉಡುಪಾಗಿ ನಿಂತಿತು. ಸೊಂಟದ ಹತ್ತಿರ ಬೆರಳು ತೂರಿಸಿ ನೋಡಲು ಹೇಳಿದಳು. ಎರಡು ಬೆರಳು ಸರಾಗವಾಗಿ ಒಳಗೆ ಹೋದವು. ಬಿಗಿಯೇ ಇಲ್ಲ!

"ಸೀರಿ ಸೊಂಟ ಹಿಡೀಬಾರ್ದಪ್ಪಾ. ಕುಂಡಿ ಮ್ಯಾಲ ಕುಂದರಬೇಕು," ಎಂದಳು. "ಇಕಿದು ನೋಡು, ಜೋತು ಬಿದ್ದದ."

ಭಾರ ಎಷ್ಟು ಎನ್ನುವುದಲ್ಲ, ಎಷ್ಟು ಜಾಗದ ಮೇಲೆ ಬೀಳುತ್ತದೆ ಎನ್ನುವುದೇ ಮುಖ್ಯ ಎಂದು ಪಿಯುಸಿಯ ಭೌತಶಾಸ್ತ್ರದಲ್ಲಿ ಓದಿದ್ದೆ. ಆ ಸೂತ್ರವನ್ನು ಉಟ್ಟುಕೊಂಡು ನಿಂತವರನ್ನು ಅದೇ ಮೊದಲು ಕಂಡದ್ದು. ಬಿಸಿಲಿನಲ್ಲಿ ಬಾಯಿ ತೆರೆದು ನಿಂತಿದ್ದೆ ಅನಿಸುತ್ತದೆ. ಒಬ್ಬ ಮುದುಕಿಯ ಸೊಂಟದಿಂದ ಏನೂ ಸಾಬೀತಾಗುವುದಿಲ್ಲ ಎಂದು ನನಗೂ ಗೊತ್ತು. ಮುಂದೆ ಆಳಂದದಲ್ಲಿ, ಜೇವರ್ಗಿಯಲ್ಲಿ ಕಚ್ಚೆ ಸೀರೆಯ ಎಷ್ಟೋ ಅಜ್ಜಿಯರನ್ನು ಕೇಳಿ ನೋಡಿದೆ. ಲಾಡಿಯ ಗೆರೆ ಒಬ್ಬರಲ್ಲೂ ಕಾಣಲಿಲ್ಲ. ಅದೂ ಸಾಬೀತಲ್ಲ. ಆದರೂ ಬೆರಗು ಇಳಿಯಲಿಲ್ಲ.

ಮಹಾದೇವಿಗೆ ಕಚ್ಚೆ ಸೀರೆ ಉಡಲು ಹೇಳಿದೆ. "ಮುದುಕಿ ಕಂಡಂಗ ಕಾಣ್ತೇನ್ರಿ. ಮಗಳ ಸಾಲಿ ಮೀಟಿಂಗಿಗಿ ಹ್ಯಾಂಗ ಹೋಗ್ಲಿ?" ಎಂದಳು. ಅದೂ ನ್ಯಾಯವೇ. ಪರಿಹಾರ ಕೊಟ್ಟವಳು ಅಫಜಲಪುರದಲ್ಲಿ ನನ್ನ ಕ್ಲಿನಿಕ್ಕಿನ ಎದುರು ಹೊಲಿಗೆ ಅಂಗಡಿ ಇಟ್ಟಿದ್ದ ಮೆಹಬೂಬಿ. ಅತ್ತೆ, ಸೊಸೆ ಇಬ್ಬರನ್ನೂ ಅಲ್ಲಿಗೆ ಕರೆಸಿ ಗುರುಬಾಯಿಯ ಮಾತನ್ನೇ ಆಕೆಗೆ ಹೇಳಿದೆ. ಅವಳು ಟೇಪು ಕೊರಳಿಗೆ ಹಾಕಿಕೊಂಡು ಮಹಾದೇವಿಯ ಲಾಡಿಯ ಗಂಟನ್ನು ಮುಟ್ಟಿ ನೋಡಿದಳು.

"ಯಾ ಅಲ್ಲಾ! ಇಪ್ಪತ್ತು ವರ್ಷ ಆತು, ಲಂಗಕ್ಕ ಲಾಡಿ ಹಾಕಿ ಹಾಕಿ ಕೊಡಾಕತ್ತೇನಿ. ಒಬ್ಬಾಕೀನೂ ಬಾಯಿ ಬಿಟ್ಟಿಲ್ಲಲ್ಲಾ!"

"ಗಾಯ ಎಲ್ಲಿ ಅದ ಅಂತ ಹೇಳಾಕ ನಾಚ್ಕಿ ಬರಂಗಿಲ್ಲೇನ ಬೇ?" ಎಂದಳು ಮಹಾದೇವಿ.

ಮೆಹಬೂಬಿ ಲಂಗಕ್ಕೆ ಐದು ಬೆರಳು ಅಗಲದ ಮೆತ್ತನೆ ಹತ್ತಿಬಟ್ಟೆಯ ಪಟ್ಟಿ ಹೊಲಿದಳು. ಅದು ಸೊಂಟ ಬಿಟ್ಟು ಕೆಳಗೆ, ಕುಂಡಿಯ ಎಲುಬಿನ ಮೇಲೆ ಕೂರುವಂತೆ ಮಾಡಿದಳು. ಗಂಟಿನ ಬದಲು ಪಕ್ಕದಲ್ಲಿ ಚಪ್ಪಟೆ ಹುಕ್ಕುಗಳು. ಹತ್ತಿ ತುಂಬಲು ಹಳೇ ಸೀರೆಯಲ್ಲಿ ಎರಡು ಹೆಗಲಿಗೆ ಹಾಕಿಕೊಳ್ಳುವ ಜೋಳಿಗೆ. ಗುರುಬಾಯಿ ಜೋಳಿಗೆಯನ್ನು ತಾನೇ ಹಾಕಿ ನೋಡಿ, ಪಟ್ಟಿ ಇನ್ನೂ ಅಗಲ ಬೇಕೆಂದು ಬಿಚ್ಚಿಸಿದಳು.

ಈ ಸಲ ಕಲಬುರಗಿಯಲ್ಲಿ ಬಯಾಪ್ಸಿ ಮಾಡಿಸದೆ ಆಕೆಯನ್ನು ಬಿಡಲಿಲ್ಲ. ವರದಿ ಬರುವವರೆಗಿನ ಹತ್ತು ದಿನ ನಾನು ಪಟ್ಟ ಕಳವಳ ನನಗೆ ಗೊತ್ತು. ಆ ಎದ್ದ ಅಂಚು ಕಣ್ಣ ಮುಂದಿತ್ತು. ಕ್ಯಾನ್ಸರ್ ಇರಲಿಲ್ಲ. ಬಹುದಿನದ ಒತ್ತಡದಿಂದಾದ ಗಾಯ ಎಂದಿತ್ತು. ವರದಿ ಓದಿ ಹೇಳಿದಾಗ ಮಹಾದೇವಿ ನನ್ನ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಗಾಯ ಏಳು ವಾರಗಳಲ್ಲಿ ಮುಚ್ಚಿತು. ಕಪ್ಪು ಕಲೆ ಉಳಿಯಿತು.

ಈ ಪ್ರಸಂಗವನ್ನು ನಾನು ವರ್ಷಗಳಿಂದ ಹೀಗೆಯೇ ಹೇಳಿಕೊಂಡು ಬಂದಿದ್ದೇನೆ. ಈಗ ಬರೆಯಲು ಕೂತಾಗ ಅನುಮಾನ ಬಂತು, ಅತನೂರಿಗೆ ಹೋದೆ. ಗುರುಬಾಯಿ ತೀರಿಕೊಂಡಿದ್ದಳು. ಮಹಾದೇವಿ ಚಹಾ ಮಾಡಿ ಕೊಟ್ಟು, ಕತೆಯನ್ನು ಕೊನೆತನಕ ಕೇಳಿದಳು.

"ಎಲ್ಲಾ ಛಲೋ ಹೇಳಿದ್ರಿ. ಸೀರಿ ಹಸರು ಅಲ್ರಿ, ಕೆಂಪು ಇತ್ತು. ಮತ್ತ ಹೊಲಕ್ಕ ಬಂದ ಮ್ಯಾಲ ನಿಮಗ ತಿಳೀತು ಅಂತೀರಲ್ಲ, ಮೊದಲ್ನೇ ದಿನಾನ ಹೇಳಿದ್ನಲ್ರಿ ನಾ?"

ನಾನು ಒಪ್ಪಲಿಲ್ಲ. ಆಕೆ ಒಳಗೆ ಹೋಗಿ ಪ್ಲಾಸ್ಟಿಕ್ ಚೀಲದಿಂದ ಹಳೇ ಚೀಟಿಗಳನ್ನು ತಂದಳು. ಎಲ್ಲಕ್ಕಿಂತ ಕೆಳಗಿನದು ಮೊದಲ ದಿನದ್ದು. ವರ್ಷ ೨೦೧೮. ಮೇಲಿನ ಸಾಲು, ನನ್ನದೇ ಕೈಬರಹ: "ಹತ್ತಿ ಉಡಿ ತುಂಬಿದಾಗ ಲಾಡಿ ಕೊಯ್ಯುತ್ತದೆ ಎನ್ನುತ್ತಾಳೆ." ಅದರ ಕೆಳಗೆ ಫಂಗಸ್‌ನ ಮುಲಾಮು.

ಆ ಸಾಲನ್ನು ಎರಡು ಸಲ ಓದಿದೆ. ಎರಡು ತಿಂಗಳು! ಆ ಅಂಚು ಕ್ಯಾನ್ಸರಿನದಾಗಿದ್ದರೆ ಹರಡಲು ಅಷ್ಟು ಸಮಯ ಸಾಕಿತ್ತು. ಮಹಾದೇವಿ ಲೋಟವನ್ನು ನನ್ನ ಕಡೆಗೆ ಸರಿಸಿದಳು. "ಚಾ ಆರ್ತದ, ಕುಡೀರಿ," ಎಂದಳು.

ಈಗ ನಾನು ಯಾವ ಚೀಟಿಯಲ್ಲೂ ರೋಗಿಯ ಮೊದಲ ಮಾತನ್ನು ಬರೆದ ತಕ್ಷಣ ಪೆನ್ನು ಕೆಳಗಿಡುತ್ತೇನೆ. ಬರೆದದ್ದನ್ನು ಗಟ್ಟಿಯಾಗಿ ಅವರಿಗೇ ಓದಿ ಹೇಳುತ್ತೇನೆ. ಅವರು "ಹೌದ್ರಿ" ಎಂದ ಮೇಲೆಯೇ ಎರಡನೇ ಸಾಲು.