ನಾಲೆಯ ನೀರು ನಿಂತಾಗ

ನಿನ್ನೆ ಇಲ್ಲಿ, ನ್ಯೂಜಿಲೆಂಡಿನ ಅಣೆಕಟ್ಟೊಂದರಲ್ಲಿ, ಮೀನು ಹತ್ತಲೆಂದೇ ಕಟ್ಟಿದ ನೀರಿನ ಮೆಟ್ಟಿಲುಗಳ ಪಕ್ಕ ಮಗಳೊಂದಿಗೆ ನಿಂತಿದ್ದೆ. ಒದ್ದೆ ಕಬ್ಬಿಣದ ವಾಸನೆ ನನ್ನನ್ನು ಚಿಕ್ಕಂದಿನಲ್ಲಿ ಕಂಡ ಮಂಡ್ಯದ ನಾಲೆಯ ತೂಬಿಗೆ ಒಯ್ದಿತು.

ನಾಲೆಗೆ ನೀರು ನಿಲ್ಲಿಸಿದಾಗ ಗುಂಡಿಗಳಲ್ಲಿ ಮೀನು ಸಿಕ್ಕಿಕೊಳ್ಳುತ್ತಿದ್ದವು. ಊರವರು ಸಾರು ಮಾಡಲೆಂದು ಅವನ್ನು ಹಿಡಿಯುತ್ತಿದ್ದರು. ದೊಡ್ಡಮ್ಮ ಮಾತ್ರ ಮರಿಗಳನ್ನು ಸೆರಗಿನಲ್ಲಿ ಸೋಸಿ, ಬಿಂದಿಗೆಗೆ ತುಂಬಿ ಕೆರೆಗೆ ಹೊರುತ್ತಿದ್ದಳು.

“ಅಷ್ಟು ದೂರ ಹೊತ್ರೆ ಬದುಕ್ತವಾ?” ಎಂದು ದೊಡ್ಡಪ್ಪ ನಗುತ್ತಿದ್ದ.

“ಇಲ್ಲೇ ಬುಟ್ರೆ ಸಾಯೋದಂತೂ ದಿಟ ಕಣೇಳಿ.”

ಅರ್ಧದಷ್ಟು ದಾರಿಯಲ್ಲೇ ಸಾಯುತ್ತಿದ್ದವು. ಉಳಿದವನ್ನು ಕೆರೆಗೆ ಬಿಟ್ಟು, ಸತ್ತವನ್ನು ಮನೆಗೆ ತಂದು ಸಾರು ಮಾಡುತ್ತಿದ್ದಳು. ಆ ದಿನ ತಾನು ಮಾತ್ರ ಮಜ್ಜಿಗೆ ಅನ್ನ ಉಣ್ಣುತ್ತಿದ್ದಳು.

ನಿನ್ನೆ ಆ ಅಣೆಕಟ್ಟಿನಲ್ಲಿ, ಮೇಲಿನ ಮೆಟ್ಟಿಲಿನಿಂದ ಸಾಲ್ಮನ್ ಮೀನೊಂದು ಕೆಳಕ್ಕೆ ಜಾರಿತು.

“ಅಮ್ಮಾ, ಕ್ಯಾನ್ ವಿ ಹೆಲ್ಪ್ ಇಟ್?” ಮಗಳು ಕೇಳಿದಳು.

“ಬೇಡ, ಇಲ್ಲಿ ಮೆಟ್ಟಿಲಿದೆಯಲ್ಲ, ತಾನೇ ಹತ್ತುತ್ತೆ. ಕಾಯೋಣ,” ಅಂದೆ.

ಅದು ಹತ್ತುವವರೆಗೂ ಇಬ್ಬರೂ ಅಲ್ಲಿಂದ ಕದಲಲಿಲ್ಲ.