ಲಾರಿಯ ಸದ್ದು ಸರಿ ಮಾಡಿಸಲು ಹರಿಹರಕ್ಕೆ

ಬೆಳಿಗ್ಗೆ ಏಳೂಕಾಲಿಗೆ ಆವರಗೆರೆ ಬಿಟ್ಟೆವು. ಅಲ್ಲಿಂದ ಹರಿಹರ ಹದಿನೆಂಟು ಕಿಲೋಮೀಟರಿನ ಆಸುಪಾಸು. ಇಷ್ಟು ಹತ್ತಿರದ ಪ್ರಯಾಣವನ್ನು ಬರೆಯುವುದೇನಿದೆ ಎಂದು ಯಾರಾದರೂ ಕೇಳಬಹುದು. ನಾನು ಹೋಗಿದ್ದು ನಮ್ಮ ಸ್ವಂತ ಲಾರಿಯಲ್ಲಿ. ಇಪ್ಪತ್ತೆರಡು ವರ್ಷ ಮನೆಯ ಪಕ್ಕದಲ್ಲೇ ನಿಲ್ಲುತ್ತಿದ್ದ ಆ ಲಾರಿಯನ್ನು ನಾನು ಹತ್ತಿದ್ದು ಅಂದೇ ಮೊದಲು.

ಯಜಮಾನರು ಇದ್ದಾಗ ಒಮ್ಮೆ ಕರೆದುಕೊಂಡು ಹೋಗಿ ಎಂದು ಕೇಳಿದ್ದೆ. "ಲಾರಿ ಇರೋದು ಲೋಡಿಗೆ, ಹೆಂಡ್ತಿಗಲ್ಲ" ಎಂದು ನಕ್ಕಿದ್ದರು. ಎದೆನೋವೆಂದು ಮಲಗಿದವರು ಮತ್ತೆ ಏಳಲಿಲ್ಲ. ಅದಾಗಿ ಹತ್ತು ತಿಂಗಳು. ಅಂಗನವಾಡಿ ಟೀಚರ್ ಆದ ನಾನು ಲಾರಿ ಇಟ್ಟುಕೊಂಡು ಏನು ಮಾಡಲಿ? ರಾಣೆಬೆನ್ನೂರಿನ ಕಡೆಯ ಇಟ್ಟಿಗೆ ಭಟ್ಟಿಯವರೊಬ್ಬರು ನೋಡಲು ಬಂದರು. ಇಂಜಿನ್ ಚಾಲೂ ಮಾಡಿಸಿ, ಕಿವಿಗೊಟ್ಟು ಕೇಳಿ ತಲೆಯಾಡಿಸಿದರು. "ಬಡೀತೈತೆ. ಡೀಸೆಲ್ ಪಂಪಿನ ಟೈಮಿಂಗ್ ಸರಿ ಮಾಡ್ಸಿ ಕಳಸ್ರಿ, ತಗೋತೀನಿ."

ಆ ಬಡಿತ ನನಗೆ ಚೆನ್ನಾಗಿ ಗೊತ್ತಿತ್ತು. ಒಣ ಹಲಗೆಗೆ ಸುತ್ತಿಗೆಯಿಂದ ಬಿಡುವಿಲ್ಲದೆ ಹೊಡೆದ ಹಾಗೆ ಟಕ ಟಕ ಟಕ. ಲಾರಿ ನೀರಿನ ಟ್ಯಾಂಕಿನ ತಿರುವಿಗೆ ಬಂದಾಗಲೇ ಅಡುಗೆಮನೆಗೆ ಕೇಳುತ್ತಿತ್ತು. ಹಗಲೂ ರಾತ್ರಿ ಲಾರಿಗಳು ಓಡಾಡುವ ಊರು ನಮ್ಮದು. ಬೇರೆ ಯಾವ ಲಾರಿಗೂ ನಾನು ಎದ್ದವಳಲ್ಲ. ಇದು ಕೇಳಿದರೆ ಎದ್ದು ಒಲೆ ಹಚ್ಚಿ ಸ್ನಾನಕ್ಕೆ ನೀರಿಡುತ್ತಿದ್ದೆ. ಅದು ಇಂಜಿನ್ನಿನ ರೋಗವೆಂದು ಭಟ್ಟಿಯವರು ಹೇಳಿದ ಮೇಲೇ ನನಗೆ ತಿಳಿದದ್ದು.

ಲಾರಿ ಓಡಿಸಲು ಬಂದವರು ಮಂಜಣ್ಣ, ಯಜಮಾನರ ಜೊತೆ ಜೋಳದ ಲೋಡಿಗೆ ಹೋಗುತ್ತಿದ್ದ ಡ್ರೈವರ್. "ಅಲ್ಲಿ ಕಾಲಿಡ್ರಿ ಅಕ್ಕಾ, ಇದನ್ನ ಹಿಡ್ಕೋರಿ" ಎಂದು ಹತ್ತುವುದನ್ನು ತೋರಿಸಿಕೊಟ್ಟರು. ದಾವಣಗೆರೆಯನ್ನು ಪಿ.ಬಿ. ರಸ್ತೆಯಲ್ಲಿ ದಾಟಿದೆವು. ಲಾರಿಯ ಮೇಲಿಂದ ಊರು ಬೇರೆ ಥರ ಕಾಣುತ್ತದೆ. ಕಾಂಪೌಂಡುಗಳ ಆಚೆ ಒಣಹಾಕಿದ ಬಟ್ಟೆ, ತಾರಸಿಯ ಮೇಲೆ ಹಲ್ಲುಜ್ಜುವವರು, ಬಾಗಿಲು ತೆರೆಯದ ಅಂಗಡಿಗಳ ತಗಡಿನ ಮೇಲೆ ಬಿದ್ದ ಚಪ್ಪಲಿ. ದೊಡ್ಡಬಾತಿಯ ಹತ್ತಿರ ಮಂಜು ದಟ್ಟವಾಗಿತ್ತು. ಗುಡ್ಡದ ತಲೆಯಷ್ಟೇ ಕಾಣುತ್ತಿತ್ತು, ರಸ್ತೆಗೆ ಅಂಟಿದ ಗದ್ದೆಗಳಲ್ಲಿ ಕೊಯ್ದ ಭತ್ತ ಸಾಲಾಗಿ ಬಿದ್ದಿತ್ತು. ಇಷ್ಟು ವರ್ಷ ಯಜಮಾನರು ನೋಡುತ್ತಿದ್ದದ್ದು ಇದನ್ನು. ಮನೆಗೆ ಬಂದು ಒಂದು ದಿನವೂ ಹೇಳಿರಲಿಲ್ಲ. ನಾನಾದರೂ ಏನು ಕಂಡಿರಿ ಎಂದು ಕೇಳಿದವಳಲ್ಲ, ಊಟ ಮಾಡಿದಿರಾ ಎಂದಷ್ಟೇ ಕೇಳುತ್ತಿದ್ದೆ.

ಹರಿಹರ ತಲುಪಿದಾಗ ಎಂಟು ಗಂಟೆ. ಗ್ಯಾರೇಜು ಇನ್ನೂ ತೆರೆದಿರಲಿಲ್ಲ, ಪಂಪು ಸರಿ ಮಾಡುವ ಮಿಸ್ತ್ರಿ ಬರುವುದು ಒಂಬತ್ತಕ್ಕೆ. ಎದುರಿನ ಹೋಟೆಲಿನಲ್ಲಿ ಒಗ್ಗರಣೆ ಮಂಡಕ್ಕಿ, ಎರಡು ಮೆಣಸಿನಕಾಯಿ ಬಜ್ಜಿ, ಮೂವತ್ತೈದು ರೂಪಾಯಿ. ಮಂಜಣ್ಣ ಸಂಕೋಚಪಟ್ಟು ಹೊರಗೇ ನಿಂತು ತಿಂದರು. ನಾಲ್ಕು ಜನರ ಮೇಜಿನಲ್ಲಿ ನಾನೊಬ್ಬಳೇ ಕುಳಿತೆ. ಮಂಡಕ್ಕಿ ಅರ್ಧ ಉಳಿಯಿತು.

ಗೌಸ್ ಮಿಸ್ತ್ರಿಗೆ ಅರವತ್ತೈದು ದಾಟಿರಬೇಕು. ಹೊಸ ಲಾರಿಗಳಿಗೆಲ್ಲ ಕಂಪ್ಯೂಟರ್ ಬಂದ ಮೇಲೆ ಇಂಥ ಹಳೆಯ ಪಂಪು ಬಿಚ್ಚುವವರು ಸುತ್ತಮುತ್ತ ಅವರೊಬ್ಬರೇ ಉಳಿದಿದ್ದಾರಂತೆ. ಲಾರಿ ಒಳಗೆ ಬರುತ್ತಿದ್ದಂತೆ ನೋಡದೆಯೇ ಯಜಮಾನರ ಹೆಸರು ಹೇಳಿದರು. ಅವರಿಲ್ಲ ಎಂದು ಮಂಜಣ್ಣ ತಿಳಿಸಿದಾಗ ಹತ್ತಿರ ಬಂದು ಲಾರಿಯ ಬಾನೆಟ್ಟಿನ ಮೇಲೆ ಕೈಯಿಟ್ಟರು.

ಮಿಸ್ತ್ರಿಯ ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿ ವಾರವಾಗಿತ್ತು. "ಅಮ್ಮಾ, ನೀವೊಂದು ಸಹಾಯ ಮಾಡ್ರಿ. ಸಣ್ಣ ತೊಟ್ಟು ನನಗೆ ಕಾಣಂಗಿಲ್ಲ" ಎಂದರು. ಪಂಪಿನ ಮೊದಲ ಪೈಪು ಬಿಚ್ಚಿ, ಅಲ್ಲಿ ಕೊಕ್ಕರೆಯ ಕತ್ತಿನಂತೆ ಬಾಗಿದ ಸಣ್ಣ ಕೊಳವೆ ಕೂರಿಸಿದರು. ಮಂಜಣ್ಣ ಕೆಳಗೆ ತೂರಿ ರಾಡಿನಿಂದ ಇಂಜಿನ್ನನ್ನು ಇಷ್ಟಿಷ್ಟೇ ತಿರುಗಿಸಿ ಗುರುತಿಗೆ ತಂದು ನಿಲ್ಲಿಸಿದರು. ಡೀಸೆಲ್ ಒಳಗೆ ಸಿಡಿಯಲು ಒಂದು ಗಳಿಗೆ ಇರುತ್ತದೆ, ನಿಮ್ಮ ಲಾರಿಯಲ್ಲಿ ಅದು ಬೇಗ ಸಿಡಿಯುತ್ತಿದೆ, ಅದಕ್ಕೇ ಬಡಿತ ಎಂದು ಮಿಸ್ತ್ರಿ ವಿವರಿಸಿದರು. ಪಂಪಿನ ಬೋಲ್ಟು ಸಡಿಲಿಸಿ ಹಿಂದಕ್ಕೆ ವಾಲಿಸಿದಾಗ ಕೊಳವೆಯಿಂದ ಡೀಸೆಲ್ ದಾರದಂತೆ ಇಳಿಯಿತು.

"ಈಗ ಮೆಲ್ಲಗೆ ಮುಂದಕ್ಕೆ ತರ್ತೀನಿ. ದಾರ ಹೋಗಿ ತೊಟ್ಟಾಗ್ತೈತೆ. ತೊಟ್ಟು ನಿಂತ ಕೂಡ್ಲೆ ನಿಂತ್ತು ಅನ್ರಿ. ಅಲ್ಲಿಗೆ ಬಿಗಿ ಮಾಡಿದ್ರ ಸದ್ದು ಹೋತು, ಅದನ್ನ ದಾಟಿ ಮುಂದ ಹೋದ್ರ ಮತ್ತ ಬಡೀತೈತೆ."

ಸದ್ದು ಹೋತು ಎಂಬ ಮಾತನ್ನು ಕಿವಿಯಲ್ಲಿಟ್ಟುಕೊಂಡೇ ಕೊಳವೆಯ ಮೇಲೆ ಬಗ್ಗಿದೆ. ಒಂದು ಕೈಯಲ್ಲಿ ಸಣ್ಣ ಕೈಪಂಪಿನಿಂದ ಡೀಸೆಲ್ ಒತ್ತುತ್ತ ಮಿಸ್ತ್ರಿ ಇನ್ನೊಂದು ಕೈಯಲ್ಲಿ ಪಂಪನ್ನು ಸರಿಸಿದರು. ದಾರ ಕಡಿಯಿತು. ಒಂದು ತೊಟ್ಟು, ಮತ್ತೊಂದು, ಬಹಳ ಹೊತ್ತಿಗೆ ಇನ್ನೊಂದು. ಆಮೇಲೆ ಏನೂ ಬೀಳಲಿಲ್ಲ.

"ಇನ್ನೂ ಬೀಳ್ತೈತೇನ್ರಿ?"

"ಹ್ಞೂಂ, ಬೀಳ್ತೈತೆ" ಎಂದೆ.

ಪಂಪು ಇನ್ನಷ್ಟು ಮುಂದಕ್ಕೆ ಹೋಯಿತು. ಅನುಮಾನ ಬಂದು ಮಿಸ್ತ್ರಿ ಕೊಳವೆಯ ಬಾಯಿಗೆ ಬೆರಳಿಟ್ಟರು. ಹೊಸ ತೊಟ್ಟು ಬರಲಿಲ್ಲ. ನನ್ನ ಮುಖ ನೋಡಿದರು. ಅವರು ಬೈದಿದ್ದರೆ ಸುಲಭವಾಗುತ್ತಿತ್ತು.

"ಆ ಸದ್ದು ಇರ್ಲಿ ಅಂತ ಅನ್ನಿಸ್ತು ಸಾಬ್ರೇ" ಎಂದೆ. "ಮನೆಗೆ ಬರೋ ಸದ್ದು ಅದು."

ಅವರು ಕೈಯನ್ನು ಬಟ್ಟೆಗೆ ಒರೆಸುತ್ತ ಹೇಳಿದರು. "ನಾನು ಎರಡು ಸಲ ಸರಿ ಮಾಡಿ ಕಳ್ಸಿದ್ದೆ. ಎರಡು ಸಲಾನೂ ನಿಮ್ಮ ಯಜಮಾನ್ರು ವಾಪಸ್ ಬಂದು ಮೊದ್ಲಿನಂಗೇ ಮಾಡು ಅಂತ ಕುಂತ್ರು."

"ಯಾಕಂತೆ?" ಎಂದೆ. ಯಾವ ಉತ್ತರಕ್ಕೆ ಕಾಯುತ್ತಿದ್ದೆನೆಂದು ಬರೆಯಲು ಈಗ ನಾಚಿಕೆಯಾಗುತ್ತದೆ.

"ಘಾಟಿ ಹತ್ತಾಗ ಚಲೋ ಎಳೀತೈತೆ ಅಂತಿದ್ರು. ಎಳೀತಿರ್ಲಿಲ್ಲ, ಅವ್ರಿಗೆ ಹಂಗ ಅನ್ನಿಸ್ತಿತ್ತು ಅಷ್ಟ."

ಘಾಟಿಗೋಸ್ಕರ. ನಾನು ಆ ಸದ್ದಿಗೆ ಕಾಯುತ್ತೇನೆಂದು ಅವರಿಗೆ ಹೇಳಿಯೇ ಇರಲಿಲ್ಲ. ಹೇಳದ್ದನ್ನು ಅವರು ಹೇಗೆ ತಿಳಿಯಬೇಕು?

"ನೀವು ಹೇಳಿದಲ್ಲಿಗೆ ಬಿಗಿ ಮಾಡ್ತೀನಮ್ಮ" ಎಂದರು ಮಿಸ್ತ್ರಿ. "ಆದ್ರ ನಾಳೆ ಓಡ್ಸೋನು ಬ್ಯಾರೆಯವ್ನು. ಲೋಡು ಹಾಕ್ಕೊಂಡು ಹೋಗಾಗ ಪಿಸ್ಟನ್ ಸುಟ್ರ ನಡುದಾರ್ಯಾಗ ನಿಲ್ತಾನ."

"ಇನ್ನೊಂದು ಸಲ ಮಾಡ್ರಿ" ಎಂದೆ.

ಮತ್ತೆ ದಾರ ಇಳಿಯಿತು, ಕಡಿಯಿತು, ತೊಟ್ಟಾಯಿತು. ಈ ಸಲ ಕಣ್ಣು ಮಿಟುಕಿಸದೆ ನೋಡಿದೆ. "ನಿಂತ್ತು" ಎಂದೆ. ಮಿಸ್ತ್ರಿ ಬೋಲ್ಟು ಬಿಗಿ ಮಾಡಿದರು. ಪೈಪು ಕೂರಿಸಿ, ಗಾಳಿ ತೆಗೆದು ಇಂಜಿನ್ ಚಾಲೂ ಮಾಡಿದಾಗ ಲಾರಿ ಒಂದೇ ಸಮನೆ ಗುರ್ರೆಂದಿತು. ಚೆನ್ನಾಗಿತ್ತು. ಯಾರದೋ ಲಾರಿಯಾಗಿತ್ತು.

ಭಟ್ಟಿಯವರಿಗೆ ಒಪ್ಪಿಸುವುದು ಮಂಜಣ್ಣನ ಕೆಲಸ. ನನ್ನನ್ನು ಬಸ್ ಸ್ಟ್ಯಾಂಡಿನ ಹತ್ತಿರ ಇಳಿಸಿ, "ಡೀಸೆಲ್ ಹಾಕ್ಸಿ ಇದೇ ದಾರೀಲಿ ಹೊಳೆ ಕಡೆ ಹೋಗ್ತೀನಿ. ಹಾರ್ನ್ ಹೊಡೀಲೇನ್ರಿ ಅಕ್ಕಾ?" ಎಂದರು.

"ಬ್ಯಾಡ, ಗೊತ್ತಾಗ್ತೈತೆ" ಎಂದೆ, ರೂಢಿಯಿಂದ.

ರಸ್ತೆಯ ಅಂಚಿನಲ್ಲಿ ನಿಂತೆ. ಬಿಸಿಲು ಏರಿತ್ತು. ಎಲೆಯಲ್ಲಿ ಪೇರಲೆ ಇಟ್ಟುಕೊಂಡು ಕುಳಿತಿದ್ದವಳ ಹತ್ತಿರ ಎರಡು ಹಣ್ಣು ಆರಿಸುತ್ತಿದ್ದೆ. ಬೆನ್ನ ಹಿಂದೆ ಲಾರಿಗಳು ಒಂದರ ಹಿಂದೊಂದು ಹೋದವು. ಹಣ್ಣು ಚೀಲಕ್ಕೆ ಹಾಕಿ ತಲೆಯೆತ್ತಿದಾಗ, ಸೇತುವೆಯ ದಾರಿಯಲ್ಲಿ ದೂರವಾಗುತ್ತಿದ್ದ ಒಂದು ಲಾರಿಯ ಹಿಂಬದಿಯ ಹಲಗೆ ಕಂಡಿತು. ಅದಕ್ಕೆ ನೀಲಿ ಬಣ್ಣ ಬಳಿದವಳು ನಾನೇ. ನನ್ನ ಬೆನ್ನಿಗೆ ಒಂದು ಮಾರು ದೂರದಲ್ಲಿ ದಾಟಿ ಹೋಗಿತ್ತು, ನಾನು ತಿರುಗಿರಲಿಲ್ಲ.

ದಾವಣಗೆರೆಯ ಬಸ್ಸು ಬೇಗ ಬಂತು. ಹೆಂಗಸರಿಗೆ ಪುಕ್ಕಟೆ. ಆಧಾರ್ ಕಾರ್ಡ್ ತೋರಿಸಿದೆ, ಕಂಡಕ್ಟರ್ ಸೊನ್ನೆಯ ಟಿಕೆಟ್ ಕೊಟ್ಟ. ಮಧ್ಯಾಹ್ನ ಎರಡಕ್ಕೆ ಮನೆ ಸೇರಿದಾಗ, ಲಾರಿ ನಿಲ್ಲುತ್ತಿದ್ದ ಜಾಗದಲ್ಲಿ ಪಕ್ಕದ ಮನೆಯ ಶಾಂತಮ್ಮ ತಾಡಪಾಲು ಹಾಸಿ ಮೆಕ್ಕೆಜೋಳ ಹರವಿದ್ದಳು. ನನ್ನನ್ನು ಕಂಡು ಗಾಬರಿಯಾದಳು.

"ಜಾಗ ಖಾಲಿ ಐತಲ್ಲ ಅಂತ ಹಾಕ್ದೆ ಟೀಚರ್. ತೆಗೀಲೇನ್ರಿ?"

"ಇರ್ಲಿ ಬಿಡು" ಎಂದೆ. ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಸ್ವಲ್ಪ ಎತ್ತಿ ಹಿಡಿದು, ಕಾಳು ಒಂದೇ ಕಡೆ ಬಿಸಿಲು ತಿನ್ನದ ಹಾಗೆ ಕಾಲಿನಿಂದ ಕೆದಕುತ್ತ ಆ ತುದಿಯವರೆಗೂ ನಡೆದೆ.